ಮಗುವಿನ ನಾಲಿಗೆ: ಗಾಬರಿ ಯಾವಾಗ ಬೇಡ, ಎಚ್ಚರ ಯಾವಾಗ ಬೇಕು?

ಹಲ್ಲುಜ್ಜಿಸುವಾಗ ಮಗುವಿನ ನಾಲಿಗೆಯ ಮೇಲೆ ಕೆಂಪು ತೇಪೆಗಳು, ಸುತ್ತ ಬಿಳಿ ಅಂಚು ಕಾಣುತ್ತವೆ. ನಾಲ್ಕು ದಿನ ಬಿಟ್ಟು ನೋಡಿದರೆ ಅವು ಬೇರೆಡೆಗೆ ಸರಿದಿರುತ್ತವೆ! ಯಲಹಂಕವಿರಲಿ, ಆರ್.ಟಿ. ನಗರವಿರಲಿ, ಇದನ್ನು ಕಂಡ ತಾಯಂದಿರು ಗಾಬರಿಯಾಗುವುದು ಸಹಜ.

ಭೂಪಟದಂತೆ ಕಾಣುವ ಈ ನಾಲಿಗೆಗೆ ವೈದ್ಯರು 'ಜಿಯಾಗ್ರಫಿಕ್ ಟಂಗ್' ಎನ್ನುತ್ತಾರೆ. ನೂರರಲ್ಲಿ 1ರಿಂದ 3 ಮಂದಿಯಲ್ಲಿ ಇದು ಕಾಣಬಹುದು. ಇದು ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ, ಔಷಧಿಯೂ ಬೇಕಿಲ್ಲ. ಖಾರ, ಹುಳಿ ತಿಂದಾಗ ಉರಿಯಾದರೆ ಅವನ್ನು ಕೆಲವು ದಿನ ಕಡಿಮೆ ಮಾಡಿ. ನಾಲಿಗೆಯಲ್ಲಿ ಸೀಳುಗಳಿದ್ದರೂ ಹೆದರಬೇಕಿಲ್ಲ. ಸೀಳಿನಲ್ಲಿ ಆಹಾರ ಉಳಿಯದಂತೆ ಬಾಯಿ ಮುಕ್ಕಳಿಸಿದರೆ ಸಾಕು.

ಕೆಲವು ಶಿಶುಗಳಲ್ಲಿ ನಾಲಿಗೆಯ ಅಡಿಯ ತಂತು ಗಿಡ್ಡವಾಗಿರುತ್ತದೆ. ನೂರು ನವಜಾತ ಶಿಶುಗಳಲ್ಲಿ 4ರಿಂದ 10ರಲ್ಲಿ ಇದನ್ನು ಕಾಣಬಹುದು. ಮಗು ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ಕತ್ತರಿಸುವ ಅಗತ್ಯವಿಲ್ಲ. ಹಾಲು ಕುಡಿಯಲು ಕಷ್ಟಪಡುತ್ತಿದ್ದರೆ ವೈದ್ಯರಿಗೆ ತೋರಿಸಿ. ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಜೆ ತೇದು ನಾಲಿಗೆಗೆ ತಿಕ್ಕಿದರೆ ಮಾತು ಬೇಗ ಬರುವುದಿಲ್ಲ.

ಹಾಲಿನ ಬಿಳುಪು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಸುಲಭವಾಗಿ ಹೋಗದೆ, ಕೆರೆದರೆ ರಕ್ತ ಜಿನುಗಿದರೆ ಅದು ಶಿಲೀಂಧ್ರದ ಸೋಂಕು. ಇದಕ್ಕೆ ಒಳ್ಳೆಯ ಔಷಧಿಯಿದೆ. ಬಿಳಿಗಾರ ಹಚ್ಚಬೇಡಿ; ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನೂ ನೆಕ್ಕಿಸಬೇಡಿ.

ನಾಲಿಗೆ ಬಿಳಿಚಿಕೊಂಡು ನುಣ್ಣಗಾಗಿದ್ದರೆ ರಕ್ತಹೀನತೆ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆಯಿದೆ. ಸೊಪ್ಪು, ಕಾಳು, ಮೊಟ್ಟೆ ಕೊಡಿ, ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಸಿರಪ್ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ಸಿಗುತ್ತದೆ.

ತಡಮಾಡಬಾರದ ಸಂದರ್ಭವೊಂದಿದೆ. ಐದು ದಿನ ಬಿಡದ ಜ್ವರ, ಸ್ಟ್ರಾಬೆರಿ ಹಣ್ಣಿನಂತೆ ಕೆಂಪಗಾದ ನಾಲಿಗೆ, ಒಡೆದ ತುಟಿ, ಕೆಂಪು ಕಣ್ಣು, ಮೈಮೇಲೆ ಗಂಧೆ ಇದ್ದರೆ ಅದು ಕವಾಸಾಕಿ ಕಾಯಿಲೆ ಇರಬಹುದು. ಜಪಾನಿನ ಡಾ. ತೊಮಿಸಾಕು ಕವಾಸಾಕಿ 1967ರಲ್ಲಿ ಇದನ್ನು ವಿವರಿಸಿದರು. ಇದು ಹೃದಯದ ರಕ್ತನಾಳಗಳನ್ನು ಕೆಡಿಸಬಲ್ಲದು. ಜ್ವರ ಬಂದ ಹತ್ತು ದಿನಗಳೊಳಗೆ ಚಿಕಿತ್ಸೆ ಆರಂಭಿಸಿದರೆ ಅಪಾಯ ಬಹಳ ತಗ್ಗುತ್ತದೆ.

ಎರಡು ವಾರ ಕಳೆದರೂ ಮಾಯದ ಹುಣ್ಣನ್ನೂ ವೈದ್ಯರಿಗೆ ತೋರಿಸಿ. ಮಗು ಲವಲವಿಕೆಯಿಂದ ಉಂಡು ಆಡುತ್ತಿದ್ದರೆ ನಾಲಿಗೆಯ ಕಲೆಗಳಿಗೆ ಹೆದರಿ ನಿದ್ದೆಗೆಡಬೇಕಿಲ್ಲ.