ಉಡುವುದೋ, ತೊಡುವುದೋ: ಕ್ಯೋಟೋದಲ್ಲಿ ಕಿಮೊನೊ ಉಡಿಸುವವರು

ಸೀರೆಯನ್ನು ಉಡುವುದು, ಕುಪ್ಪಸವನ್ನು ತೊಡುವುದು ಎಂದು ಕನ್ನಡವು ಎರಡು ಕ್ರಿಯೆಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡು ಬಂದಿದೆ. ಮೈಗೆ ಸುತ್ತಿ ನಿಲ್ಲಿಸುವ ಬಟ್ಟೆಗೆ ಮೊದಲನೆಯ ಮಾತು, ಹೊಲಿದು ಮೈಗೇರಿಸುವ ಬಟ್ಟೆಗೆ ಎರಡನೆಯದು. ಜಪಾನಿನ ಕಿಮೊನೊ ಈ ಎರಡು ಮಾತುಗಳ ನಡುವೆ ನಿಲ್ಲುವ ಉಡುಪು. ಅದಕ್ಕೆ ತೋಳುಗಳಿವೆ, ಹೊಲಿಗೆ ಬಿದ್ದಿದೆ, ಆದ್ದರಿಂದ ತೊಡುವಂಥದ್ದು. ಆದರೆ ಗುಂಡಿಯಾಗಲಿ ಕೊಕ್ಕೆಯಾಗಲಿ ಇಲ್ಲದ ಆ ನೀಳ ಬಟ್ಟೆಯನ್ನು ತೊಟ್ಟವರ ಎತ್ತರಕ್ಕೆ ತಕ್ಕಂತೆ ಮಡಿಸಿ, ಸುತ್ತಿ, ಲಾಡಿಗಳಿಂದ ಬಿಗಿದು ನಿಲ್ಲಿಸಬೇಕಾದ್ದರಿಂದ ಅದು ಸೀರೆಯಂತೆ ಉಡುವಂಥದ್ದೂ ಹೌದು. ಈ ಉಡುವಿಕೆಯ ವಿದ್ಯೆಗೆ ಜಪಾನಿ ಭಾಷೆಯಲ್ಲಿ ‘ಕಿತ್ಸುಕೆ’ ಎಂದು ಹೆಸರು. ಕ್ಯೋಟೋ ನಗರಕ್ಕೆ ಬರುವ ಪ್ರವಾಸಿಗರು ಒಂದು ಹಗಲಿನ ಮಟ್ಟಿಗೆ ಬಾಡಿಗೆಗೆ ಪಡೆದು ಸುತ್ತಾಡುವ ಕಿಮೊನೊಗಳ ಚಿತ್ರಗಳು ಈಗ ಎಲ್ಲೆಡೆ ಕಾಣಸಿಗುತ್ತವೆಯಾದರೂ, ಆ ಬಟ್ಟೆಯನ್ನು ಮೈಮೇಲೆ ನಿಲ್ಲಿಸಿದ ಕೈಗಳು ಯಾವ ಚಿತ್ರದಲ್ಲಿಯೂ ಇರುವುದಿಲ್ಲ.

ನಗರದ ಪೂರ್ವಭಾಗವಾದ ಹಿಗಾಶಿಯಾಮಾದಲ್ಲಿ ಕಿಯೊಮಿಜು ದೇವಾಲಯಕ್ಕೆ ಏರುವ ದಾರಿಯ ಆಸುಪಾಸಿನಲ್ಲಿ ಇಂಥ ಬಾಡಿಗೆ ಅಂಗಡಿಗಳು ಸಾಲುಗಟ್ಟಿವೆ. ಸಾಮಾನ್ಯವಾಗಿ 3,000ದಿಂದ 6,000 ಯೆನ್ ತೆತ್ತರೆ ಒಳಉಡುಪು, ಕಿಮೊನೊ, ನಡುಪಟ್ಟಿ, ಪಾದರಕ್ಷೆ, ಕೈಚೀಲ, ಇವೆಲ್ಲವೂ ದೊರೆತು, ಉಡಿಸುವ ಕೂಲಿಯೂ ಅದರಲ್ಲಿಯೇ ಸೇರಿರುತ್ತದೆ. ಬೆಳಿಗ್ಗೆ ಉಟ್ಟದ್ದನ್ನು ಸಂಜೆ ಅಂಗಡಿ ಮುಚ್ಚುವುದರೊಳಗೆ ಮರಳಿಸಬೇಕು. ಉಟ್ಟವರು ನಡೆಯುವ ದಾರಿಗಳಲ್ಲಿ ಸನ್ನೆನ್‌ಝಾಕಾ ಎಂಬ ಕಲ್ಲುಮೆಟ್ಟಿಲ ಇಳಿಜಾರು ಬಹಳ ಹೆಸರಾದದ್ದು. ಅಲ್ಲಿ ಮುಗ್ಗರಿಸಿ ಬಿದ್ದವರು ಮೂರು ವರ್ಷದೊಳಗೆ ಸಾಯುತ್ತಾರೆಂಬ ಹಳೆಯ ನಂಬಿಕೆಯಿದ್ದು, ಮೊದಲ ಬಾರಿಗೆ ಕಿಮೊನೊ ಉಟ್ಟು ಗಿಡ್ಡ ಹೆಜ್ಜೆಗಳನ್ನು ಇನ್ನೂ ಕಲಿಯುತ್ತಿರುವವರು ಆ ಮೆಟ್ಟಿಲುಗಳನ್ನು ಬಹಳ ಜೋಪಾನವಾಗಿ ಇಳಿಯುತ್ತಾರೆ.

‘ಕಿಮೊನೊ’ ಎಂದರೆ ಮೈಮೇಲೆ ಹಾಕಿಕೊಳ್ಳುವ ವಸ್ತು ಎಂದಷ್ಟೇ ಅರ್ಥ. ಇಂದಿನ ರೂಪಕ್ಕೆ ಮೂಲವಾದದ್ದು ‘ಕೊಸೊದೆ’, ಅಂದರೆ ಕಿರಿದಾದ ತೋಳುಬಾಯಿಯ ಉಡುಪು. ಮೊದಲಿಗೆ ಅರಮನೆಯವರ ಒಳಉಡುಪಾಗಿದ್ದ ಇದು ಕಾಲಕ್ರಮದಲ್ಲಿ ಎಲ್ಲರ ಹೊರಉಡುಪಾಯಿತು. ಎಡಮಗ್ಗುಲನ್ನು ಬಲಮಗ್ಗುಲಿನ ಮೇಲೆ ತಂದು ಮುಚ್ಚಬೇಕೆಂಬ ನಿಯಮವು 719ರ ರಾಜಾಜ್ಞೆಯಷ್ಟು ಹಳೆಯದು. ಇದಕ್ಕೆ ವಿರುದ್ಧವಾಗಿ ಮುಚ್ಚುವುದು ಶವಕ್ಕೆ ಉಡಿಸುವಾಗ ಮಾತ್ರ, ಆದ್ದರಿಂದ ಪ್ರವಾಸಿಗರಿಗೆ ಹೇಳುವ ಮೊದಲ ಎಚ್ಚರಿಕೆಯೂ ಇದೇ. ಕ್ಯೋಟೋದ ನೇಕಾರರ ಕೇರಿಯಾದ ನಿಶಿಜಿನ್‌ಗೆ ಆ ಹೆಸರು ಬಂದದ್ದು 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಪಶ್ಚಿಮ ಪಕ್ಷದ ಸೇನೆ ಅಲ್ಲಿ ಬೀಡುಬಿಟ್ಟಿದ್ದರಿಂದ. ನಿಶಿಜಿನ್ ಎಂದರೆ ಪಶ್ಚಿಮದ ಬೀಡು. ಮೇಜಿ ಕಾಲದಲ್ಲಿ ರಾಜಧಾನಿ ಟೋಕಿಯೋಗೆ ಹೋಗಿ ಕ್ಯೋಟೋ ಬಡವಾದಾಗ, 1872ರಲ್ಲಿ ಈ ಕೇರಿಯಿಂದ ಮೂವರನ್ನು ಫ್ರಾನ್ಸಿನ ಲಿಯೋನ್ ನಗರಕ್ಕೆ ಕಳಿಸಿ ಜ್ಯಾಕಾರ್ಡ್ ಮಗ್ಗದ ಕೆಲಸವನ್ನು ಕಲಿಸಲಾಯಿತು. ಅವರಲ್ಲಿ ಯೊಶಿದಾ ಚುಶಿಚಿ ಎಂಬಾತನು 1874ರಲ್ಲಿ ಮರಳಿ ಬರುವಾಗ, ತಾಯ್ನಾಡಿನ ತೀರ ಇನ್ನೇನು ಹತ್ತಿರವಾಯಿತು ಎನ್ನುವಲ್ಲಿ ಹಡಗು ಮುಳುಗಿ ತೀರಿಕೊಂಡನು. ಇಂದು ನಿಶಿಜಿನ್ ನಡುಪಟ್ಟಿಗಳಲ್ಲಿ ಕಾಣುವ ಹೂಬಳ್ಳಿಯ ನೇಯ್ಗೆಯ ಹಿಂದೆ ಈ ಸಾವೂ ಇದೆ.

ಕಿಮೊನೊದ ಬಟ್ಟೆಯ ಥಾನಿಗೆ ‘ತಾನ್’ ಎನ್ನುತ್ತಾರೆ. ಸುಮಾರು 37 ಸೆಂಟಿಮೀಟರು ಅಗಲ, 12 ಮೀಟರಿಗೂ ಹೆಚ್ಚು ಉದ್ದವಿರುವ ಈ ಥಾನನ್ನು ನೇರ ಗೆರೆಗಳಲ್ಲಿಯೇ ಎಂಟು ತುಂಡುಗಳಾಗಿ ಕತ್ತರಿಸುತ್ತಾರೆ: ತೋಳಿಗೆ ಎರಡು, ಮೈಗೆ ಎರಡು, ಮುಂಭಾಗದ ಒಂದರ ಮೇಲೊಂದು ಬರುವ ಪಟ್ಟಿಗಳಿಗೆ ಎರಡು, ಕತ್ತುಪಟ್ಟಿಗೆ ಎರಡು. ಕತ್ತರಿ ಎಲ್ಲಿಯೂ ಬಾಗದ ಕಾರಣ ಬಟ್ಟೆ ಹಾಳಾಗುವುದಿಲ್ಲ. ಹೊಲಿಗೆ ಬಿಚ್ಚಿದರೆ ತುಂಡುಗಳನ್ನು ಮತ್ತೆ ಥಾನಿನಂತೆ ಜೋಡಿಸಿ ತೊಳೆಯಬಹುದು, ಬಣ್ಣ ಬದಲಿಸಬಹುದು, ತಾಯಿಯ ಉಡುಪನ್ನು ಮಗಳ ಅಳತೆಗೆ ಹೊಲಿಯಬಹುದು. ಅಜ್ಜಿಯ ಸೀರೆಯನ್ನು ಮೊಮ್ಮಗಳು ಉಡುವುದನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಉಡಿಸುವ ಕೆಲಸ ಕಾಲಿನಿಂದ ಮೊದಲಾಗುತ್ತದೆ. ಹೆಬ್ಬೆರಳು ಬೇರೆಯಾಗಿ ನಿಲ್ಲುವಂತೆ ಹೊಲಿದ ‘ತಾಬಿ’ ಎಂಬ ಕಾಲುಚೀಲವನ್ನು ಎಲ್ಲಕ್ಕಿಂತ ಮುಂಚೆ ಹಾಕಿಕೊಳ್ಳಬೇಕು, ಏಕೆಂದರೆ ನಡುಪಟ್ಟಿ ಬಿಗಿದ ಮೇಲೆ ಬಗ್ಗುವುದು ಕಷ್ಟ. ತೆಳುವಾದ ಒಳಉಡುಪಿನ ಮೇಲೆ ನಡುವಿನ ಸುತ್ತ ಟವೆಲ್ಲುಗಳನ್ನು ಸುತ್ತಿ, ಎದೆಯಿಂದ ಸೊಂಟದವರೆಗಿನ ಏರುತಗ್ಗುಗಳನ್ನು ಸಮ ಮಾಡುತ್ತಾರೆ. ಸೀರೆ ಮೈಯ ಬಳುಕನ್ನು ಹಿಂಬಾಲಿಸಿ ಇಳಿಯುತ್ತದೆ. ಕಿಮೊನೊ ಮೈಯನ್ನು ನೇರವಾದ ಕಂಬದಂತೆ ಮಾಡಿಕೊಂಡು, ತನ್ನ ಮೇಲಿನ ಚಿತ್ತಾರ ಎಲ್ಲಿಯೂ ಸೊಟ್ಟಗಾಗದಂತೆ ಹರಡುತ್ತದೆ. ಮೊದಲ ಸಲ ಉಡುವ ಭಾರತೀಯ ಹೆಣ್ಣುಮಕ್ಕಳಿಗೆ ಬಹುಶಃ ಈ ಒಂದು ಹಂತವೇ ಅತ್ಯಂತ ಹೊಸದೆನಿಸುವುದು.

ಅನಂತರ ‘ನಾಗಾಜುಬಾನ್’ ಎಂಬ ನೀಳವಾದ ಒಳಕಿಮೊನೊ. ಇದರ ಕತ್ತುಪಟ್ಟಿಯನ್ನು ಹಿಂದಕ್ಕೆ ಎಳೆದು, ಹೆಡಕಿಗೂ ಬಟ್ಟೆಗೂ ನಡುವೆ ಸುಮಾರು ಒಂದು ಮುಷ್ಟಿಯಷ್ಟು ತೆರಪು ಬಿಡುತ್ತಾರೆ. ಮುಖಕ್ಕಿಂತ ಹೆಡಕಿನ ಇಳಿಜಾರಿನಲ್ಲಿ ಚೆಲುವನ್ನು ಕಾಣುವ ಅಭಿರುಚಿಯೊಂದು ಈ ತೆರಪಿನಲ್ಲಿದ್ದು, ಅದು ಹಿಗ್ಗಿದರೆ ಬೆಡಗು ಹೆಚ್ಚಾಯಿತೆಂದೂ ಕುಗ್ಗಿದರೆ ಉಡಿಗೆ ಬಾಲಿಶವಾಯಿತೆಂದೂ ಬಲ್ಲವರು ಎಣಿಸುತ್ತಾರೆ. ಆಮೇಲೆ ಹೊರಗಿನ ಕಿಮೊನೊವನ್ನು ಹೆಗಲಿಗೇರಿಸಿ, ಬೆನ್ನಿನ ನಡುಹೊಲಿಗೆ ನೇರವಾಗಿದೆಯೇ ಎಂದು ನೋಡಿ, ಕೆಳಅಂಚನ್ನು ಕಾಲಿನ ಗಂಟಿನ ಮಟ್ಟಕ್ಕೆ ತಂದು, ಬಲಮಗ್ಗುಲನ್ನು ಒಳಗಿಟ್ಟು, ಎಡಮಗ್ಗುಲನ್ನು ಅದರ ಮೇಲೆ ಹೊದಿಸಿ, ಎರಡರ ತುದಿಗಳನ್ನೂ ಕೊಂಚ ಮೇಲೆತ್ತಿ ಹಿಡಿದ ಆ ಗಳಿಗೆಯಲ್ಲಿ ಮೊದಲ ಲಾಡಿ ಬೀಳುತ್ತದೆ.

ಲಾಡಿಯ ಹೆಸರು ‘ಕೊಶಿಹಿಮೊ’. ಕೊಶಿ ಎಂದರೆ ಸೊಂಟ, ಹಿಮೊ ಎಂದರೆ ದಾರ. ಉಣ್ಣೆಯ ಮಸ್ಲಿನ್ ಅಥವಾ ಹತ್ತಿಯ ಚಪ್ಪಟೆಯಾದ ಈ ಪಟ್ಟಿಯ ಮೇಲೆಯೇ ಉಡುಪಿನ ಇಡೀ ಭಾರ ನಿಲ್ಲುತ್ತದೆಯಾದರೂ, ಕೆಲಸ ಮುಗಿದ ಮೇಲೆ ಅದರ ಒಂದು ಎಳೆಯೂ ಹೊರಗೆ ಕಾಣಿಸಕೂಡದು. ಉಡಿಸುವಾಕೆ ಉಡುವವಳ ಮುಂದೆ ಮಂಡಿಯೂರಿ ಕುಳಿತು, ಎರಡೂ ತೋಳುಗಳಿಂದ ಬಳಸಿ, ಬೆನ್ನ ಹಿಂದೆ ಪಟ್ಟಿಯನ್ನು ಅದಲುಬದಲು ಮಾಡಿ ಎಳೆದು ಮುಂದೆ ತರುತ್ತಾಳೆ. ಈ ಮೊದಲ ಲಾಡಿ ಬಿಗಿಯಾಗಿರಬೇಕು, ಎದೆಯ ಕೆಳಗೆ ಕಟ್ಟುವ ಎರಡನೆಯದು ಉಸಿರಿಗೆ ಎಡೆಕೊಡುವಷ್ಟು ಸಡಿಲವಾಗಿರಬೇಕು. ಈ ಅಂದಾಜು ಯಾವ ಅಳತೆಪಟ್ಟಿಗೂ ಸಿಗುವುದಿಲ್ಲ, ಉಡುವವಳ ಉಸಿರಾಟವನ್ನು ಗಮನಿಸಿಯೇ ಕೈ ಅದನ್ನು ಕಲಿಯಬೇಕು. ಹೆಂಗಸರ ಕಿಮೊನೊವನ್ನು ಮೈಯೆತ್ತರಕ್ಕಿಂತ ಉದ್ದವಾಗಿಯೇ ಹೊಲಿಯುವುದರಿಂದ ಹೆಚ್ಚಿನ ಬಟ್ಟೆ ಲಾಡಿಯ ಮೇಲೆ ಜೋಲುತ್ತದೆ. ಕಂಕುಳ ಕೆಳಗೆ ಬಿಟ್ಟಿರುವ ಸಂದಿನಿಂದ ಒಳಗೆ ಕೈತೂರಿಸಿ, ಆ ಜೋಲನ್ನು ಸವರಿ, ಒಂದೇ ಅಡ್ಡಮಡಿಕೆಯಾಗಿ ಇಳಿಬಿಡುತ್ತಾರೆ. ‘ಒಹಾಶೋರಿ’ ಎಂಬ ಈ ಮಡಿಕೆಯದು ಸೀರೆಯ ನೆರಿಗೆಯ ಕೆಲಸವೇ: ಕುಳ್ಳಗಿನವರಿಗೂ ನೀಳಕಾಯದವರಿಗೂ ಒಂದೇ ಬಟ್ಟೆ ಒದಗುವಂತೆ ಮಾಡುವುದು. ಗಂಡಸರ ಕಿಮೊನೊಗೆ ಈ ಮಡಿಕೆಯಿಲ್ಲ, ಅವರು ತಮ್ಮ ಎತ್ತರಕ್ಕೆ ಹೊಂದುವುದನ್ನೇ ಆರಿಸಿಕೊಳ್ಳಬೇಕು. ಕಿರುಪಟ್ಟಿಯನ್ನು ಸೊಂಟದ ಕೆಳಗೆ ಕಟ್ಟಿದರೆ ಅವರ ಉಡುಗೆ ಮುಗಿಯಿತು.

ನಡುಪಟ್ಟಿಯಾದ ‘ಓಬಿ’ ಸುಮಾರು 30 ಸೆಂಟಿಮೀಟರು ಅಗಲವಿದ್ದು, ಔಪಚಾರಿಕ ಸಂದರ್ಭದ್ದಾದರೆ 4 ಮೀಟರಿಗೂ ಮಿಕ್ಕು ಉದ್ದವಿರುತ್ತದೆ. ಎರಡು ಸುತ್ತು ಸುತ್ತಿ, ಬೆನ್ನಿನ ಮೇಲೆ ಗಂಟು ನಿಲ್ಲಿಸಿ, ಗಂಟಿಗೆ ಪುಟ್ಟ ದಿಂಬೊಂದನ್ನು ಆಸರೆ ಕೊಟ್ಟು, ಎಲ್ಲದರ ಮೇಲೆ ಹೆಣೆದ ರೇಷ್ಮೆಯ ಹುರಿಯೊಂದನ್ನು ಮುಂದೆ ಕಟ್ಟುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಗಂಟಿಗೆ ‘ತಾಯ್ಕೊ’ ಎಂದು ಹೆಸರು. 1817ರಲ್ಲಿ ಎದೋ ನಗರದ, ಅಂದರೆ ಇಂದಿನ ಟೋಕಿಯೋದ, ಕಾಮೆಯ್ದೊ ದೇಗುಲದ ಕಮಾನು ಸೇತುವೆಯನ್ನು ಮತ್ತೆ ಕಟ್ಟಿದಾಗ, ಅದರ ಬಾಗನ್ನು ಹೋಲುವಂತೆ ಗೇಯ್ಶಾಗಳು ಮೊದಲಿಗೆ ಈ ಗಂಟನ್ನು ಕಟ್ಟಿದರೆಂದು ಹೇಳಿಕೆಯಿದೆ.

ಉಡಿಸುವ ವಿದ್ಯೆಯ ತುತ್ತತುದಿಯನ್ನು ಕಾಣಬೇಕಾದರೆ ಬಾಡಿಗೆ ಅಂಗಡಿಗಳಿಂದ ಸ್ವಲ್ಪ ದೂರ, ಗಿಯೋನ್ ಕೇರಿಯ ಒಳಗಿನ ಒಂದು ವೃತ್ತಿಯನ್ನು ಗಮನಿಸಬೇಕು. ಅಲ್ಲಿನ ಮಾಯ್ಕೊಗಳು, ಅಂದರೆ ನೃತ್ಯ, ಸಂಗೀತಗಳನ್ನು ಕಲಿಯುತ್ತಿರುವ ಎಳೆಯ ಕಲಾವಿದೆಯರು, ಉಡುವ ಓಬಿ 5 ಮೀಟರಿಗೂ ಉದ್ದವಾದದ್ದು; ಅದರ ಎರಡು ತುದಿಗಳು ಬೆನ್ನಿನಿಂದ ಕಾಲಿನ ಗಂಟಿನವರೆಗೆ ಇಳಿಬಿದ್ದು, ಕೆಳತುದಿಯಲ್ಲಿ ಅವರು ವಾಸವಿದ್ದು ಕಲಿಯುವ ಮನೆಯ ಮುದ್ರೆ ಇರುತ್ತದೆ. ಇದನ್ನು ಬಿಗಿಯುವುದಕ್ಕೆ ಬೇಕಾದ ಬಲದ ಕಾರಣದಿಂದ ಈ ಕೆಲಸವನ್ನು ತಲೆಮಾರುಗಳಿಂದ ಗಂಡಸರೇ ಮಾಡುತ್ತ ಬಂದಿದ್ದಾರೆ. ಅವರನ್ನು ‘ಒತೊಕೊಶಿ’ ಎನ್ನುತ್ತಾರೆ. ಬೇರೆ ಗಂಡಸರಿಗೆ ಪ್ರವೇಶವಿಲ್ಲದ ಮಾಯ್ಕೊಗಳ ವಾಸದ ಮನೆಗೆ ದಿನವೂ ಹೋಗಿ, ಒಂದು ಮನೆಯಿಂದ ಇನ್ನೊಂದಕ್ಕೆ ಸರಸರನೆ ನಡೆದು, ರಾತ್ರಿಯ ನೃತ್ಯದಲ್ಲಿ ಕದಲದಂತೆ, ಆದರೆ ನರ್ತಿಸುವವಳಿಗೆ ಉಸಿರುಕಟ್ಟದಂತೆ ಓಬಿಯನ್ನು ಕಟ್ಟಿ ಹೊರಟುಬಿಡುವ ಈ ಜನ ಕ್ಯೋಟೋದಲ್ಲಿ ಈಗ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ಕ್ಯೋಟೋವನ್ನು ಬಣ್ಣಿಸುವ ಪ್ರವಾಸಿ ಬರಹಗಳು ಮಾಯ್ಕೊಗಳ ಬಿಳಿಬಣ್ಣದ ಮುಖಕ್ಕೆ ಪುಟಗಟ್ಟಲೆ ಕೊಟ್ಟು ಒತೊಕೊಶಿಗಳಿಗೆ ಒಂದು ಸಾಲನ್ನೂ ಕೊಡದಿರುವುದು ಅನ್ಯಾಯವೇ ಸರಿ.

ಸಾಮಾನ್ಯ ಮನೆಗಳಲ್ಲಿ ಈ ವಿದ್ಯೆ ತಾಯಿಯಿಂದ ಮಗಳಿಗೆ ಬರುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಪಾಶ್ಚಾತ್ಯ ಉಡುಪು ದಿನಬಳಕೆಗೆ ಬಂದು, ಮಗಳಿಗೆ ಹೇಳಿಕೊಡಲು ತಾಯಿಗೇ ತಿಳಿಯದಂತಾದಾಗ, 1960ರ ದಶಕದಿಂದೀಚೆಗೆ ಕಿತ್ಸುಕೆಯನ್ನು ಕಲಿಸುವ ಶಾಲೆಗಳು ಹುಟ್ಟಿಕೊಂಡವು. ಇಂದು ಇದಕ್ಕೆ ಸರ್ಕಾರದ ಮಾನ್ಯತೆಯುಳ್ಳ ಕೌಶಲ ಪರೀಕ್ಷೆಯೂ ಇದೆ. ಜನವರಿಯ ಎರಡನೆಯ ಸೋಮವಾರ ಪ್ರಾಪ್ತವಯಸ್ಕರ ದಿನದಂದು ನೀಳ ತೋಳಿನ ‘ಫುರಿಸೊದೆ’ ಉಡಬೇಕಾದ ಜಪಾನಿ ತರುಣಿಯರೇ ನಸುಕಿನಲ್ಲೆದ್ದು ಉಡಿಸುವವರ ಮುಂದೆ ಸಾಲುನಿಲ್ಲುತ್ತಾರೆ. ಹೀಗಿರುವಾಗ, ಹೊರಗಿನವರು ಬಂದು ಉಡಿಸಿಕೊಳ್ಳುವುದರಲ್ಲಿ ಉಡಿಸುವವರಿಗೆ ವಿಚಿತ್ರವೇನೂ ಕಾಣುವುದಿಲ್ಲ.

ಹೊರಗಿನವರು ಕಿಮೊನೊ ಧರಿಸುವ ವಾಡಿಕೆ ಪ್ರವಾಸೋದ್ಯಮಕ್ಕಿಂತ ಬಹಳ ಹಳೆಯದು. 17ನೆಯ ಶತಮಾನದಲ್ಲಿ ಜಪಾನನ್ನು ಆಳುತ್ತಿದ್ದ ಶೋಗುನ್‌ನ ಆಸ್ಥಾನದಿಂದ ಡಚ್ ವರ್ತಕರಿಗೆ ಉಡುಗೊರೆಯಾಗಿ ದೊರೆತ ರೇಷ್ಮೆಯ ನಿಲುವಂಗಿಗಳು ಹಾಲೆಂಡಿನ ವಿದ್ವಾಂಸರ, ಸಿರಿವಂತರ ಮನೆಯುಡುಪಾದವು. ಚಿತ್ರಕಾರ ವರ್ಮೀರ್ 1669ರ ‘ಭೂಗೋಳಶಾಸ್ತ್ರಜ್ಞ’ ಎಂಬ ಚಿತ್ರದಲ್ಲಿ ತೊಡಿಸಿರುವುದು ಈ ಬಗೆಯ ಅಂಗಿಯನ್ನೇ. ಬೇಡಿಕೆ ಹೆಚ್ಚಿದಾಗ ಅದೇ ಮಾದರಿಯನ್ನು ಭಾರತದ ಕೋರಮಂಡಲ ತೀರದ ಚೀಟಿಬಟ್ಟೆಯಲ್ಲಿಯೂ ಹೊಲಿಸಿದರು. ಇಂಗ್ಲಿಷರು ಇಂಥ ಸಡಿಲ ಅಂಗಿಯನ್ನು ‘ಬನಿಯನ್’ ಎಂದು ಕರೆದರು. ಕನ್ನಡಿಗರ ಮನೆಮನೆಯಲ್ಲಿ ಇಂದು ಒಳಂಗಿಗೆ ಇರುವ ಹೆಸರೂ ಇದೇ. ಇದರ ಜೊತೆಯಲ್ಲಿ, 2015ರಲ್ಲಿ ಅಮೆರಿಕದ ಬಾಸ್ಟನ್ ಲಲಿತಕಲಾ ಸಂಗ್ರಹಾಲಯವು ಚಿತ್ರಕಾರ ಮೋನೆಯ 1876ರ ಚಿತ್ರವೊಂದರ ಮುಂದೆ ನಿಂತು ಕಿಮೊನೊ ತೊಟ್ಟುನೋಡಲು ನೋಡುಗರನ್ನು ಕರೆದಾಗ ಪ್ರತಿಭಟನೆ ಎದ್ದು ಆ ಕಾರ್ಯಕ್ರಮವನ್ನು ಕೈಬಿಡಬೇಕಾಯಿತೆಂಬುದನ್ನೂ ನೆನೆಯಬೇಕು. ಅಲ್ಲಿ ಬಟ್ಟೆಯಿತ್ತು, ಆದರೆ ಅದನ್ನು ಉಡುವ ಕ್ರಮಕ್ಕೆ ಸ್ಥಳವಿರಲಿಲ್ಲ. ಕ್ಯೋಟೋದ ಉಡಿಸುವಾಕೆಯ ಮುಂದೆ ಕೈಚಾಚಿ ನಿಲ್ಲುವುದಕ್ಕೂ ಹೆಗಲ ಮೇಲೆ ನಿಲುವಂಗಿ ಎಳೆದುಕೊಂಡು ಚಿತ್ರ ತೆಗೆಸಿಕೊಳ್ಳುವುದಕ್ಕೂ ಇರುವ ಅಂತರ ದೊಡ್ಡದು.

ಆ ಅಂತರ ಕ್ಯೋಟೋದಲ್ಲಿಯೂ ಕಿರಿದಾಗುತ್ತಿದೆ. ಬಾಡಿಗೆ ಕಿಮೊನೊಗಳಲ್ಲಿ ಬಹಳಷ್ಟು ಯಂತ್ರದಲ್ಲಿ ಅಚ್ಚಾದ ಪಾಲಿಯೆಸ್ಟರಿನವು. ಮೊದಲೇ ಗಂಟುಕಟ್ಟಿ ಹೊಲಿದಿಟ್ಟು, ಬೆನ್ನಿಗೆ ಸಿಕ್ಕಿಸಿಬಿಡುವ ಓಬಿಗಳೂ ಬಂದಿವೆ. ಬಾಡಿಗೆಯ ಹಣ ನಿಶಿಜಿನ್‌ನ ವಯಸ್ಸಾದ ನೇಕಾರನವರೆಗೆ ತಲುಪುವುದು ಅಪರೂಪ. 1980ರ ದಶಕದ ಆರಂಭದಲ್ಲಿ ಸುಮಾರು 1.8 ಲಕ್ಷ ಕೋಟಿ ಯೆನ್ ಇದ್ದ ಕಿಮೊನೊ ವಹಿವಾಟು ಈಗ 30 ಸಾವಿರ ಕೋಟಿಗೂ ಕೆಳಗಿಳಿದಿದೆ. ನೂಲೂ ಬಹುಮಟ್ಟಿಗೆ ಚೀನಾ, ಬ್ರೆಜಿಲ್‌ಗಳಿಂದ ಬರುತ್ತದೆ. ಒಂದು ಕಾಲಕ್ಕೆ ಜಮ್‌ಶೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪರಿಣತರನ್ನು ಕರೆಸಿ ರೇಷ್ಮೆ ಸಾಕಣೆಯನ್ನು ಕಲಿಸಿದ್ದರು, ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. 1990ರ ದಶಕದಲ್ಲಿ ಕರ್ನಾಟಕದ ದ್ವಿತಳಿ ರೇಷ್ಮೆಗೆ ನೆರವಾದದ್ದೂ ಜಪಾನೇ. ಹೀಗೆ ಕಲಿಸಿದ ನಾಡಿನಲ್ಲಿಯೇ ಈಗ ಗೂಡು ಬೆಳೆಯುವ ಕುಟುಂಬಗಳು ಅಳಿದುಹೋಗುತ್ತಿವೆ.

ಕ್ಯೋಟೋಗೆ ಹೋಗುವ ಕನ್ನಡಿಗರು ಕಿಮೊನೊ ಉಡಲು ಬಯಸಿದರೆ, ಸಾಧ್ಯವಾದಲ್ಲಿ ರೇಷ್ಮೆಯದನ್ನೇ ಕೇಳಲಿ, ಓಬಿಯನ್ನು ಕೈಯಿಂದಲೇ ಕಟ್ಟುವ ಅಂಗಡಿಯನ್ನು ಹುಡುಕಲಿ, ಕಟ್ಟಿದ ಗಂಟಿನ ಹೆಸರನ್ನು ಕಟ್ಟಿದವರಿಂದಲೇ ಕೇಳಿ ತಿಳಿಯಲಿ. ಸಂಜೆ ಮರಳಿಸುವಾಗ ಅವಸರದಿಂದ ಹೊರಡದೆ ಅರೆಗಳಿಗೆ ನಿಲ್ಲಲಿ. ದಿನವಿಡೀ ಉಡುಪನ್ನು ಹೊತ್ತು ನಿಂತ ಕೊಶಿಹಿಮೊಗಳನ್ನು ಉಡಿಸುವಾಕೆ ಒಂದೊಂದಾಗಿ ಬಿಚ್ಚಿ, ಬಿಗಿತದ ಸುಕ್ಕು ಬಿಡಲೆಂದು ಒಂದೊಂದನ್ನೂ ಐದು ಮೂಲೆಯ ಪುಟ್ಟ ಮಡಿಕೆಯಾಗಿ ಮಡಚಿ, ಮರುದಿನಕ್ಕೆಂದು ಎತ್ತಿಡುತ್ತಾಳೆ.