ಮೊದಲು ಇಳಿಸಲು ಕಲಿಯಿರಿ

ಎಫ್/ಎ-18ಸಿ ಹಾರ್ನೆಟ್ ಯುದ್ಧವಿಮಾನದ ಎಂಜಿನ್ ಚಾಲೂ ಮಾಡಲು ಮೊದಲು ಬ್ಯಾಟರಿ ಸ್ವಿಚ್ ಹಾಕಬೇಕು. ಆಮೇಲೆ ಎಪಿಯು ಎಂಬ ಪುಟ್ಟ ಸಹಾಯಕ ಎಂಜಿನ್ ಶುರು ಮಾಡಿ, ಅದರ ಹಸಿರು ದೀಪ ಹೊತ್ತುವವರೆಗೆ ಕಾಯಬೇಕು. ಬಲಗಡೆಯ ಎಂಜಿನ್ ತಿರುಗತೊಡಗಿ ವೇಗ ಶೇ 10 ದಾಟಿದ ಮೇಲೆ ಅದರ ಥ್ರಾಟಲ್ ಅನ್ನು ಐಡಲ್‌ಗೆ ತರಬೇಕು. ಬ್ಲೀಡ್ ಏರ್ ನಾಬನ್ನು ಪೂರ್ತಿ ಒಂದು ಸುತ್ತು ತಿರುಗಿಸಬೇಕು. ನಂತರ ಎಡಗಡೆಯ ಎಂಜಿನ್, ಒಂದೊಂದಾಗಿ ಪರದೆಗಳು, ಆಮ್ಲಜನಕ, ಫ್ಲ್ಯಾಪ್, ಟ್ರಿಮ್. ತಾನು ಎಲ್ಲಿದ್ದೇನೆ, ಯಾವ ದಿಕ್ಕಿಗೆ ಮುಖ ಮಾಡಿದ್ದೇನೆ ಎಂಬುದನ್ನು ವಿಮಾನವೇ ಲೆಕ್ಕ ಹಾಕಿಕೊಳ್ಳಲು ಇನ್ನೂ ಕೆಲವು ನಿಮಿಷ ಬೇಕು. ಇಷ್ಟೆಲ್ಲ ನಡೆಯುವುದು ಮನೆಯ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ, ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರಿನೊಳಗೆ. ಈ ಹೊತ್ತಿಗೂ ವಿಮಾನ ನಿಂತಲ್ಲಿಂದ ಒಂದಡಿ ಕದಲಿರುವುದಿಲ್ಲ.

ಯುದ್ಧವಿಮಾನ ಹಾರಿಸುವ ಆಸೆಯಿಂದ ಬಂದ ಹೊಸಬರು ಕೈಚೆಲ್ಲುವುದು ಇಲ್ಲೇ. ಮೊಬೈಲಿನಲ್ಲೋ ಸಾಮಾನ್ಯ ವಿಡಿಯೊ ಗೇಮಿನಲ್ಲೋ ನಾಲ್ಕು ಗುಂಡಿ ಒತ್ತಿ ವೈರಿ ವಿಮಾನ ಉರುಳಿಸಿದವರಿಗೆ ಇಲ್ಲಿ ನೂರಾರು ಸ್ವಿಚ್‌ಗಳು ಎದುರಾಗುತ್ತವೆ. ಇದು ಇಂದು ನಿನ್ನೆಯದಲ್ಲ. 1998ರಲ್ಲಿ ಬಂದ ಎಫ್-16 ಸಿಮ್ಯುಲೇಟರ್ ಫಾಲ್ಕನ್ 4.0ರ ಡಬ್ಬಿಯಲ್ಲಿ ಸುಮಾರು 600 ಪುಟಗಳ ಕೈಪಿಡಿ ಇರುತ್ತಿತ್ತು. ಅದನ್ನು ಓದದೆ ಎಫ್-16ರ ರೇಡಾರ್ ಪರದೆಯ ಒಂದು ಗೆರೆಯೂ ಅರ್ಥವಾಗುತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೂ ಬಿಟ್ಟುಹೋದವರು ಹೇಳುವುದು ಒಂದೇ ಮಾತು: ಇದು ನನ್ನ ಕೈಲಾಗುವುದಲ್ಲ.

ಆ ಮಾತನ್ನು ನಾನು ಒಪ್ಪುವುದಿಲ್ಲ. ಕೈಲಾಗದಿರುವುದು ಅಪರೂಪ. ಹೆಚ್ಚಿನವರ ವಿಷಯದಲ್ಲಿ ತಪ್ಪಿರುವುದು ಕಲಿಕೆಯ ಕ್ರಮ. ಯುದ್ಧ, ವಿಮಾನ, ಹಾರಾಟ ಮೂರನ್ನೂ ಒಂದೇ ಸಂಜೆ ಕಲಿಯಲು ಕೂತರೆ ಮೂರೂ ದಕ್ಕುವುದಿಲ್ಲ. ಏರು ಕಡಿದಾಗಿದೆ ಎನ್ನುವುದಕ್ಕಿಂತ ನಡುವಿನ ಮೆಟ್ಟಿಲುಗಳು ಕಾಣೆಯಾಗಿವೆ ಎನ್ನುವುದೇ ಸರಿ.

ಮೆಟ್ಟಿಲು ಕಾಣೆಯಾದರೆ ಏನಾಗುತ್ತದೆ ಎಂಬುದನ್ನು ನಮ್ಮ ವಾಯುಪಡೆ ಬಹಳ ನೋವುಂಡು ಕಂಡುಕೊಂಡಿತು. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಕಿರಣ್ ತರಬೇತಿ ಜೆಟ್ ಮೊದಲು ಹಾರಿದ್ದು 1964ರಲ್ಲಿ. ಸಾಧು ಸ್ವಭಾವದ ವಿಮಾನ. ಶಿಷ್ಯನ ಪಕ್ಕದಲ್ಲೇ ಗುರುವಿನ ಆಸನ. ಆ ವಿಮಾನದಿಂದ ಇಳಿದ ತರುಣ ಪೈಲಟ್‌ಗಳಲ್ಲಿ ಅನೇಕರು ಮುಂದೆ ಏರುತ್ತಿದ್ದುದು ಮಿಗ್-21. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲದು. ನೆಲಕ್ಕಿಳಿಯುವಾಗಲೂ ಅದರ ವೇಗ ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಅದರ ತೆಳುವಾದ ಪುಟ್ಟ ರೆಕ್ಕೆ ಕಡಿಮೆ ವೇಗದಲ್ಲಿ ತಪ್ಪನ್ನು ಸಹಿಸುವುದಿಲ್ಲ. ಮಿಗ್-21 ಅಪಘಾತಗಳಿಗೆ ಕಾರಣಗಳು ಹಲವು. ಕಿರಣ್‌ಗೂ ಮಿಗ್‌ಗೂ ನಡುವಿನ ಈ ಕಂದರ ಅವುಗಳಲ್ಲಿ ಒಂದು. ಏರ್ ಮಾರ್ಷಲ್ ಡೆನಿಸ್ ಲಾ ಫಾಂಟೇನ್ ನೇತೃತ್ವದ ಸಮಿತಿ 1982ರಲ್ಲೇ ನಡುವೆ ಒಂದು ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೆಂದು ಹೇಳಿತು. ಅಂಥ ತರಬೇತಿ ವಿಮಾನವಾದ ಹಾಕ್‌ಗೆ ಒಪ್ಪಂದವಾಗುವಾಗ 2004. ಅದು ಬೀದರ್ ವಾಯುನೆಲೆಗೆ ಬಂದು ವಾಯುಪಡೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಒಂದು ಮೆಟ್ಟಿಲು ಕಟ್ಟಲು ಕಾಲು ಶತಮಾನ ಹಿಡಿಯಿತು, ಅಷ್ಟರಲ್ಲಿ ಎಷ್ಟೋ ಮನೆಗಳು ಮಕ್ಕಳನ್ನು ಕಳೆದುಕೊಂಡವು.

ಸೊಂಟಕ್ಕೆ ಬೆಂಡು ಕಟ್ಟಿಕೊಂಡೇ ಊರ ಬಾವಿಯಲ್ಲಿ ಈಜು ಕಲಿತವರಿಗೆ ನಡುವಿನ ಮೆಟ್ಟಿಲಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿಗೂ ವಾಯುಪಡೆಯ ಫೈಟರ್ ಪೈಲಟ್ ಮೊದಲು ಪ್ರೊಪೆಲ್ಲರ್ ವಿಮಾನ, ಆಮೇಲೆ ತರಬೇತಿ ಜೆಟ್, ಕೊನೆಗೆ ಯುದ್ಧವಿಮಾನ ಎಂದು ಹಂತ ಹಂತವಾಗಿ ವರ್ಷಗಟ್ಟಲೆ ಏರಿ ಬರುತ್ತಾನೆ. ಸಿಮ್ಯುಲೇಟರ್ ಕೊಂಡವರು ಶನಿವಾರ ಸಂಜೆಯೇ ಕೊನೆಯ ಹಂತಕ್ಕೆ ಹಾರಲು ನೋಡುತ್ತಾರೆ. ಮನೆಯಲ್ಲಿ ಪ್ರಾಣಕ್ಕೆ ಅಪಾಯವಿಲ್ಲ ನಿಜ. ಆದರೆ ಉತ್ಸಾಹ ಸಾಯುತ್ತದೆ.

ಹಾಗಾದರೆ ಮೊದಲ ಮೆಟ್ಟಿಲು ಯಾವುದು? ಡಿಸಿಎಸ್ ಡೌನ್‌ಲೋಡ್ ಮಾಡಿಕೊಂಡರೆ ಅದರ ಜೊತೆಗೇ ಎರಡು ವಿಮಾನಗಳು ಪುಕ್ಕಟೆಯಾಗಿ ಬರುತ್ತವೆ: ರಷ್ಯಾದ ನೆಲದಾಳಿ ಜೆಟ್ ಎಸ್‌ಯು-25ಟಿ, ಮತ್ತು ಎರಡನೇ ಮಹಾಯುದ್ಧದ ಮಸ್ಟಾಂಗ್‌ನ ತರಬೇತಿ ರೂಪವಾದ ಟಿಎಫ್-51ಡಿ. ಎರಡನೆಯದರಲ್ಲಿ ಬಂದೂಕಿಲ್ಲ, ಬಾಂಬಿಲ್ಲ. ಹೊಸಬರು ಅದನ್ನು ಒಮ್ಮೆ ನೋಡಿ ಬದಿಗಿಡುವುದು ಅದಕ್ಕಾಗಿಯೇ. ನನ್ನ ಮಟ್ಟಿಗೆ ಇಡೀ ಸಿಮ್ಯುಲೇಟರಿನಲ್ಲಿ ಅದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ರನ್‌ವೇಯಲ್ಲಿ ನಿಂತು ಥ್ರಾಟಲ್ ಅನ್ನು ಒಮ್ಮೆಲೇ ಮುಂದೆ ತಳ್ಳಿ ನೋಡಿ. ವಿಮಾನ ಎಡಕ್ಕೆ ತಿರುಗಿ ಹುಲ್ಲಿಗೆ ನುಗ್ಗುತ್ತದೆ. ದೊಡ್ಡ ಪ್ರೊಪೆಲ್ಲರ್ ತಿರುಗುವ ರಭಸವೂ ಅದು ಹಿಂದಕ್ಕೆ ಎಸೆಯುವ ಸುರುಳಿಗಾಳಿಯೂ ಸೇರಿ ಮೂತಿಯನ್ನು ಎಡಕ್ಕೆಳೆಯುತ್ತವೆ. ಹಾಗಾಗಿ ಹೊರಡುವ ಮೊದಲೇ ಬಾಲದ ಚುಕ್ಕಾಣಿಯಾದ ರಡ್ಡರ್‌ನ ಟ್ರಿಮ್ ಅನ್ನು ಬಲಕ್ಕೆ ಸುಮಾರು 6 ಡಿಗ್ರಿ ತಿರುಗಿಸಿಡಬೇಕು. ಸ್ಟಿಕ್ಕನ್ನು ಹಿಂದಕ್ಕೆ ಹಿಡಿದುಕೊಂಡರೆ ಬಾಲದ ಚಕ್ರ ಆಚೀಚೆ ಹೊರಳುವುದಿಲ್ಲ. ಥ್ರಾಟಲ್ ಅನ್ನು ನಿಧಾನವಾಗಿ ಏರಿಸುತ್ತ, ಮೂತಿ ಕದಲಿತೆನ್ನುವಷ್ಟರಲ್ಲಿ ಬಲಗಡೆಯ ರಡ್ಡರ್ ಕೊಡಬೇಕು. ವಿಮಾನ ನೆಟ್ಟಗೆ ಓಡಿ, ಬಾಲ ಮೇಲೆದ್ದು, ಚಕ್ರಗಳು ನೆಲ ಬಿಡುವ ಆ ಗಳಿಗೆ ಬಂದಾಗ ಕೈಕಾಲು ಒಟ್ಟಿಗೆ ಕೆಲಸ ಮಾಡುವುದನ್ನು ಕಲಿತಿರುತ್ತವೆ. ಯಾವ ಕೈಪಿಡಿಯ ಪುಟವೂ ಇದನ್ನು ಕಲಿಸಲಾರದು.

ಏರಿದ್ದಾಯಿತು. ನಿಜವಾದ ಪಾಠ ಇಳಿಯುವುದರಲ್ಲಿದೆ, ಅಲ್ಲಿ ಅವಸರ ಬೇಡ. ಜಾರ್ಜಿಯಾದ ಕಪ್ಪು ಸಮುದ್ರ ತೀರದ ಕೊಬುಲೇಟಿ ನಿಲ್ದಾಣ ಇದಕ್ಕೆ ಚೆನ್ನಾಗಿ ಒದಗುತ್ತದೆ. ಡಿಸಿಎಸ್‌ನಲ್ಲಿ ಆ ಪ್ರದೇಶದ ನಕ್ಷೆಯೂ ಉಚಿತ. ರನ್‌ವೇ ಕಣ್ಣಳತೆಯಲ್ಲಿರುವಂತೆ ಒಂದು ಸುತ್ತು ಹಾಕಿ ಮತ್ತೆ ಅದರ ನೇರಕ್ಕೆ ಬನ್ನಿ. ವೇಗ ಗಂಟೆಗೆ 170 ಮೈಲಿಗಿಂತ ಕೆಳಗಿಳಿದ ಮೇಲಷ್ಟೇ ಚಕ್ರ ಬಿಡಿ. ಕೊನೆಯ ಹಾದಿಯಲ್ಲಿ 120 ಮೈಲಿಯ ಹತ್ತಿರ ಹಿಡಿದಿಡಿ. ಈಗ ಗಾಜಿನ ಮೂಲಕ ರನ್‌ವೇಯ ಆರಂಭದ ಅಂಚನ್ನೇ ಗಮನಿಸಿ. ಅದು ಗಾಜಿನಲ್ಲಿ ಮೇಲಕ್ಕೆ ಸರಿಯುತ್ತಿದ್ದರೆ ನೀವು ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬೀಳುತ್ತೀರಿ. ಕೆಳಕ್ಕೆ ಜಾರುತ್ತಿದ್ದರೆ ಅದನ್ನು ದಾಟಿ ಮುಂದೆ ಹೋಗುತ್ತೀರಿ. ಇದ್ದಲ್ಲೇ ನಿಂತು ದೊಡ್ಡದಾಗುತ್ತ ಬಂದರೆ ದಾರಿ ಸರಿಯಿದೆ. ತಗ್ಗಿದಂತೆ ಕಂಡರೆ ಮೂತಿ ಎತ್ತುವುದು ಎಲ್ಲರ ಮೊದಲ ಪ್ರತಿಕ್ರಿಯೆ. ಅದರಿಂದ ವೇಗ ಸೋರಿಹೋಗಿ ವಿಮಾನ ಇನ್ನಷ್ಟು ಕುಸಿಯುತ್ತದೆ. ಕುಸಿಯುವುದನ್ನು ತಡೆಯುವ ಕೆಲಸ ಥ್ರಾಟಲ್‌ನದು, ವೇಗ ಕಾಯುವ ಕೆಲಸ ಮೂತಿಯದು. ಈ ಅದಲುಬದಲು ಒಮ್ಮೆ ಮೈಗೂಡಿದರೆ ಮುಂದೆ ಹಾರ್ನೆಟ್ ಅನ್ನು ವಿಮಾನವಾಹಕ ಹಡಗಿನ ಮೇಲೆ ಇಳಿಸುವಾಗಲೂ ಅದೇ ನಿಮ್ಮನ್ನು ಕಾಪಾಡುತ್ತದೆ.

ಇನ್ನೊಂದು ತೊಡಕು ಅತಿಯಾಗಿ ತಿದ್ದುವುದು. ಮೂತಿ ಸ್ವಲ್ಪ ಎದ್ದಿತೆಂದು ಜಾಯ್‌ಸ್ಟಿಕ್ ತಳ್ಳುತ್ತೇವೆ, ಅದು ಬಗ್ಗಿತೆಂದು ಎಳೆಯುತ್ತೇವೆ, ಪ್ರತಿ ಸಲವೂ ತೂಗಾಟ ಹೆಚ್ಚುತ್ತದೆ. ನಿಜವಾದ ಪೈಲಟ್‌ಗಳಿಗೂ ಆಗುವ ಸಂಗತಿ ಇದು. ಕೂದಲೆಳೆಯಷ್ಟು ತಿದ್ದಿ, ಪರಿಣಾಮ ಕಾಣುವವರೆಗೆ ಕಾಯುವುದೇ ಇದಕ್ಕೆ ಮದ್ದು. ಸೆಟ್ಟಿಂಗ್ಸ್‌ನಲ್ಲಿ ಜಾಯ್‌ಸ್ಟಿಕ್‌ನ ಸೂಕ್ಷ್ಮತೆಯನ್ನು ನಡುಭಾಗದಲ್ಲಿ ತಗ್ಗಿಸಿಕೊಂಡರೆ ಇನ್ನೂ ಸುಲಭ.

ಇಷ್ಟು ಕೈಗೆ ಬಂದಮೇಲೆ ಆಯುಧದ ಸರದಿ. ಎಸ್‌ಯು-25ಟಿಯಲ್ಲಿ ಸ್ವಿಚ್‌ಗಳನ್ನು ಒಂದೊಂದಾಗಿ ಒತ್ತುವ ಗೋಜಿಲ್ಲ. ಕೆಲವೇ ಕೀಗಳಲ್ಲಿ ಕೆಲಸ ಮುಗಿಯುತ್ತದೆ. ದೊಡ್ಡ ವಿಮಾನಗಳಿಗೆ ಹೋದಾಗ ಆ್ಯಕ್ಟಿವ್ ಪಾಜ್ ಎಂಬ ಸೌಲಭ್ಯ ಬಳಸಿ. ವಿಮಾನ ಆಕಾಶದಲ್ಲಿ ಇದ್ದಲ್ಲೇ ನಿಲ್ಲುತ್ತದೆ, ರೇಡಾರ್ ಮತ್ತು ಪರದೆಗಳು ಮಾತ್ರ ಎಂದಿನಂತೆ ಕೆಲಸ ಮಾಡುತ್ತಿರುತ್ತವೆ. ನೆಲಕ್ಕಪ್ಪಳಿಸುವ ಭಯವಿಲ್ಲದೆ ಒಂದು ಆಯುಧವನ್ನು ಆರಂಭದಿಂದ ಕೊನೆಯವರೆಗೆ ಕಲಿಯಬಹುದು. ಒಂದು ವಾರಕ್ಕೆ ಒಂದು ಆಯುಧ ಸಾಕು. ಎಂಜಿನ್ ಚಾಲೂ ಮಾಡುವ ಉದ್ದನೆಯ ಕ್ರಮವನ್ನು ಬೇಕೆಂದೇ ಕೊನೆಗೆ ಉಳಿಸಿಕೊಳ್ಳಿ. ಅಲ್ಲಿಯವರೆಗೆ ಎಂಜಿನ್ ತಾನಾಗಿಯೇ ಶುರುವಾಗುವ ಆಟೊಸ್ಟಾರ್ಟ್ ಬಳಸುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ವೈರಿಯ ಎದುರು ಮೊದಲ ಸಲ ಇಳಿದಾಗ ಹೊಸಬರು ಸೋಲುವುದು ಸಾಮಾನ್ಯವಾಗಿ ವೇಗ ಕಳೆದುಕೊಂಡು. ಅವನ ಹಿಂದೆ ಬೀಳುವ ಆತುರದಲ್ಲಿ ಸ್ಟಿಕ್ಕನ್ನು ಹೊಟ್ಟೆಯವರೆಗೆ ಎಳೆದು ಹಿಡಿಯುತ್ತಾರೆ. ಎರಡು ಸುತ್ತಿನಲ್ಲಿ ವೇಗವೆಲ್ಲ ಕರಗಿ ವಿಮಾನ ಗಾಳಿಯಲ್ಲಿ ತೂಕಡಿಸುತ್ತದೆ. 1960ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಜಾನ್ ಬಾಯ್ಡ್ ಮತ್ತು ಗಣಿತಜ್ಞ ಥಾಮಸ್ ಕ್ರಿಸ್ಟಿ ಆಕಾಶದ ಕಾಳಗವನ್ನು ಶಕ್ತಿಯ ಲೆಕ್ಕವಾಗಿ ಬಿಡಿಸಿಟ್ಟರು. ಎತ್ತರವನ್ನು ವೇಗವಾಗಿ, ವೇಗವನ್ನು ಎತ್ತರವಾಗಿ ಬದಲಾಯಿಸಿಕೊಳ್ಳಬಹುದು. ಬಿಗಿಯಾಗಿ ತಿರುಗಿದಷ್ಟೂ ಎರಡೂ ಖರ್ಚಾಗುತ್ತವೆ. ಮುಂದೆ ಎಫ್-16ರ ವಿನ್ಯಾಸಕ್ಕೂ ದಾರಿ ತೋರಿದ ವಿಚಾರವಿದು. ಮಸ್ಟಾಂಗ್‌ನಲ್ಲಿ ಇಳಿಯಲು ಕಲಿಯುತ್ತ ವೇಗ ಮತ್ತು ಎತ್ತರದ ಕೊಡುಕೊಳ್ಳುವಿಕೆಯನ್ನು ಬೆರಳ ತುದಿಯಲ್ಲಿ ಅರಿತವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ದುಡ್ಡಿನ ವಿಷಯದಲ್ಲೂ ಇದೇ ಕ್ರಮ ಇರಲಿ. ಪೆಡಲ್, ವಿಆರ್ ಕನ್ನಡಕ, ಲೋಹದ ಥ್ರಾಟಲ್ ಎಲ್ಲವೂ ಚೆಂದವೇ, ಆದರೆ ಶುರುವಿಗೆ ಬೇಡ. ತಿರುಚಿದರೆ ರಡ್ಡರ್ ಆಗಿ ಕೆಲಸ ಮಾಡುವ ಸಾಧಾರಣ ಜಾಯ್‌ಸ್ಟಿಕ್ ಒಂದಿದ್ದರೆ ಮೊದಲ ಕೆಲವು ತಿಂಗಳು ಧಾರಾಳವಾಗಿ ಕಳೆಯುತ್ತವೆ. ಅದಕ್ಕೆ ಚಕ್ರ, ಫ್ಲ್ಯಾಪ್, ಬ್ರೇಕ್, ಟ್ರಿಮ್ ಇಷ್ಟನ್ನೇ ಜೋಡಿಸಿ; ಉಳಿದ ಕೀಗಳು ಬೇಕಾದಾಗ ಒಂದೊಂದಾಗಿ ಬರಲಿ. ಜೊತೆಗೆ ಹಾರಲು ಅನುಭವಿ ಗೆಳೆಯರೊಬ್ಬರು ಸಿಕ್ಕರೆ ಬಿಡಬೇಡಿ. ಹತ್ತು ವಿಡಿಯೊ ನೋಡಿ ತಿಳಿಯದ್ದನ್ನು ಪಕ್ಕದಲ್ಲಿ ಹಾರುತ್ತಿರುವವರು ಒಂದು ಮಾತಿನಲ್ಲಿ ತಿದ್ದಿಬಿಡುತ್ತಾರೆ.

ರಿಯಾಯಿತಿ ಮಾರಾಟ ಬಂದಾಗ ಹೊಸ ವಿಮಾನಗಳು ಕೈಬೀಸಿ ಕರೆಯುತ್ತವೆ. ಪುಕ್ಕಟೆ ಸಿಕ್ಕ ಮಸ್ಟಾಂಗ್ ಅನ್ನು ಯಾರ ನೆರವೂ ಇಲ್ಲದೆ, ಅಡ್ಡಗಾಳಿಯಲ್ಲೂ, ಸತತವಾಗಿ ಐದು ಸಲ ಸುರಕ್ಷಿತವಾಗಿ ಇಳಿಸುವವರೆಗೆ ಎರಡನೆಯದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.