‘ಗಿಡ್ಡ ಡುಮ್ಮ’ನ ದೊಡ್ಡ ಕಥೆ

ಹೀರೋ ಅಂದ್ರೆ ಆರಡಿ ಎತ್ತರ, ಚೆಲುವಾದ ಮುಖ ಇರಲೇಬೇಕಾ? 1964ರಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಫುಟ್‌ಬಾಲ್ ಕ್ಲಬ್‌ಗೆ ಬಂದ ಗೆರ್ಡ್ ಮುಲ್ಲರ್‌ಗೆ ಕೋಚ್ ಚೈಕೊವ್ಸ್ಕಿ ಇಟ್ಟ ಹೆಸರು ‘ಗಿಡ್ಡ ಡುಮ್ಮ’!

ಈ ಡುಮ್ಮನೇ 1971-72ರ ಲೀಗ್‌ನಲ್ಲಿ 40 ಗೋಲು ಬಾರಿಸಿದ. 1974ರ ವಿಶ್ವಕಪ್ ಫೈನಲ್‌ನಲ್ಲಿ ಹಾಲೆಂಡ್ ವಿರುದ್ಧ ಪಶ್ಚಿಮ ಜರ್ಮನಿಯ ಗೆಲುವಿನ ಗೋಲೂ ಇವನದೇ.

ಕ್ಲಬ್‌ನ ಜೊತೆಗಾರ ಬೆಕನ್‌ಬೌವರ್ 1973ರಲ್ಲಿ ‘ಲಿಬೆರೊ’ ಚಿತ್ರದಲ್ಲಿ ನಟಿಸಿದ. ಬ್ರೈಟ್ನರ್ 1976ರಲ್ಲಿ ಕೌಬಾಯ್ ಚಿತ್ರವೊಂದರಲ್ಲಿ ಕಾಣಿಸಿಕೊಂಡ. ಆದರೆ ಅಸಲಿ ಸಿನಿಮಾ ನಡೆದದ್ದು ಮುಲ್ಲರ್ ಬಾಳಿನಲ್ಲಿ.

ಆಟ ಮುಗೀತು, ಚಪ್ಪಾಳೆ ನಿಂತಿತು, ಕೈಗೆ ಬಾಟಲಿ ಬಂತು. ಇಂಟರ್‌ವಲ್ ಆದ ಮೇಲೆ ಬರೀ ದುರಂತ ಅಂದುಕೊಂಡಿರಾ? ಇಲ್ಲ! 1991ರಲ್ಲಿ ಹಳೇ ಗೆಳೆಯರಾದ ಹೋನೆಸ್, ಬೆಕನ್‌ಬೌವರ್ ಪಟ್ಟು ಹಿಡಿದು ಚಿಕಿತ್ಸೆಗೆ ಕಳಿಸಿದರು. ಕುಡಿತ ಬಿಟ್ಟವನಿಗೆ ಕ್ಲಬ್‌ನಲ್ಲೇ ಹುಡುಗರಿಗೆ ಆಟ ಕಲಿಸುವ ಕೆಲಸ ಸಿಕ್ಕಿತು.

2021ರ ಮೇ ತಿಂಗಳಲ್ಲಿ ಅದೇ ಕ್ಲಬ್‌ನ ಲೆವಾಂಡೊವ್ಸ್ಕಿ 40ನೇ ಗೋಲು ಹೊಡೆದು ಜೆರ್ಸಿ ಎತ್ತಿದ. ಒಳಗಿನ ಬನಿಯನ್ ಮೇಲೆ ಮುಲ್ಲರ್ ಚಿತ್ರ! ಮುಂದಿನ ಪಂದ್ಯದಲ್ಲೇ 41 ಆಗಿ ದಾಖಲೆ ಮುರಿಯಿತು. ಆ ವರ್ಷ ಆಗಸ್ಟ್ 15ರಂದು, 75ನೇ ವಯಸ್ಸಿನಲ್ಲಿ, ಮುಲ್ಲರ್ ಕಣ್ಮುಚ್ಚಿದ.

ಗೋಲು ಹೊಡೆದಾಗ ಹೆಗಲ ಮೇಲೆ ಹೊರುವವರು ಸಾವಿರ ಮಂದಿ. ಬಿದ್ದಾಗ ಎತ್ತುವ ಇಂಥ ಗೆಳೆಯರು ಎಷ್ಟು ಜನಕ್ಕೆ ಸಿಗ್ತಾರೆ, ಹೇಳಿ?